ಭಾನುವಾರದ ಮನೆ

ಬೆಳಗಿನ ಆರಕ್ಕೆ ತೂಕದ ಕುರ್ಚಿ ತಳ್ಳಿಕೊಂಡು
ವಾರ್ಡಿನ ಓಣಿಗೆ ಹೊರಡುತ್ತೇನೆ. ಒಂದು ಗಾಲಿ ಕಿರುಗುಟ್ಟುತ್ತದೆ.
ವೀಗೋ ಬಂದರಿನ ದೀಪಗಳು ಕಿಟಕಿಯಲ್ಲಿ ಇನ್ನೂ ಆರಿಲ್ಲ.

ಹದಿನೇಳನೇ ಹಾಸಿಗೆ: ಎಲಾದಿಯೊ ಔತೇರಾಲ್, ಎಪ್ಪತ್ತೊಂಬತ್ತು.
ಮೀನುಕಟ್ಟೆಯಲ್ಲಿ ನಲವತ್ತೊಂದು ವರ್ಷ ತಕ್ಕಡಿ ಕಾದವ.
ಒದ್ದೆ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬಂದ.
ಮೊದಲ ದಿನವೇ ಕೈ ಅಡ್ಡ ಹಿಡಿದ:
"ತಾಳು ಮಗಳೇ, ಖಾಲಿ ಕುರ್ಚಿ ಎಷ್ಟು ತೂಗುತ್ತೆ?
ಮೊದಲು ಅದನ್ನು ತೋರಿಸು."
ಸೊನ್ನೆ ನೋಡಿದ ಮೇಲೆಯೇ ಕೂತ.
ಅರವತ್ತೆಂಟು ಕಿಲೋ ಇನ್ನೂರು ಗ್ರಾಂ.

ಮೂಳೆಗೆ ಸಲಾಕೆ ಬಿತ್ತು, ಹೊಲಿಗೆ ಒಣಗಿತು,
ಮೂಳೆಯ ಡಾಕ್ಟರು ಬೆನ್ನು ತಟ್ಟಿ ಹೋದರು.
ನಾಲ್ಕನೇ ದಿನ ಕೆಮ್ಮು.
ಮಲಗಿದಲ್ಲೇ ಮಲಗಿದ ಎದೆಯ ಬುಡದಲ್ಲಿ
ಕಫ ಮನೆ ಮಾಡಿತ್ತು; ಎಕ್ಸ್-ರೇಯಲ್ಲಿ ಬಲಗಡೆ
ಯಾರೋ ಸುಣ್ಣ ಬಳಿದು ಅರ್ಧಕ್ಕೆ ಬಿಟ್ಟು ಹೋದಂತೆ.
ನ್ಯುಮೋನಿಯಾ, ಎಂದರು.
ಜ್ವರಕ್ಕೆ ಹನಿ, ಔಷಧಿಗೆ ಹನಿ,
ಕುಸಿದ ರಕ್ತದೊತ್ತಡಕ್ಕೆ ಇನ್ನೊಂದು ಸೀಸೆ.
ಹನಿ ಹನಿ ಗೂಡಿದ ಹಳ್ಳ
ಮೊದಲು ಪಾದದಲ್ಲಿ ಕಾಣಿಸಿಕೊಳ್ಳುತ್ತದೆ:
ಬೆರಳೊತ್ತಿದರೆ ಕುಳಿ,
ಕುಳಿ ತುಂಬಲು ಒಂದು ನಿಮಿಷ.

ಶುಕ್ರವಾರ ಅರವತ್ತೊಂಬತ್ತು ಚಿಲ್ಲರೆ.
ಶನಿವಾರ ಎಪ್ಪತ್ತು ನಾನೂರು.

ಭಾನುವಾರ ಇಪ್ಪತ್ತೊಂಬತ್ತು ಹಾಸಿಗೆಗೆ ನಾವಿಬ್ಬರು.
ಒಬ್ಬ ಮೂಗಿನ ನಳಿಕೆ ಕಿತ್ತುಕೊಂಡ, ಇನ್ನೊಬ್ಬ ವಾಂತಿ,
ಒಂಬತ್ತನೇ ಹಾಸಿಗೆಯ ಓಬ್ದುಲಿಯಾಳನ್ನು ತೊಳೆದು
ಬಿಳಿ ಬಟ್ಟೆ ಸುತ್ತಬೇಕಿತ್ತು.
ಕುರ್ಚಿ ಮೂಲೆಯಲ್ಲೇ ನಿಂತಿತು.
ಚಾರ್ಟಿನಲ್ಲಿ ಆ ಒಂದು ಮನೆ ಖಾಲಿ.

ಸೋಮವಾರ ಎಪ್ಪತ್ತಮೂರು ಇನ್ನೂರು.
ಮೂರು ದಿಂಬಿಗೆ ಒರಗಿ ಕೂತೇ ಮುಳುಗುತ್ತಿದ್ದ;
ತುಟಿಗೆ ಹಗ್ಗ ಕಚ್ಚಿ ಬೆಳೆಯುವ ಚಿಪ್ಪಿನ ನೀಲಿ.
ಹೃದಯ ವೈಫಲ್ಯ ಎಂದು ಬರೆದರು.
ಎಪ್ಪತ್ತೊಂಬತ್ತು ವರ್ಷ ಒಂದು ಭಾನುವಾರವನ್ನೂ ಕೇಳದ ಕೂಲಿಯಾಳಿಗೆ
ಆ ಮಾತು ತುಸು ಹೆಚ್ಚಾಯಿತು.

"ಐದು ಕಿಲೋ ನೀರು ಕಳೆ," ಅಂದ ಏದುಸಿರಲ್ಲಿ,
"ಮೀನು ಅಷ್ಟೇ ಇದೆ.
ಮಂಜುಗಡ್ಡೆ ಸೇರಿಸಿ ತೂಗಿಸುವವರನ್ನು
ನಾನು ಕಂಡಿಲ್ಲವೆ?"

ಖಾಲಿ ಮನೆಯ ಮೇಲೆ ನನ್ನ ಪೆನ್ನು ನಿಂತಿತ್ತು.
ಎಪ್ಪತ್ತೊಂದು ಎಂಟುನೂರು ಎಂದು ಗೀಚಿದರೆ
ಯಾರಿಗೆ ಗೊತ್ತಾಗುತ್ತಿತ್ತು?
ಆಮ್ಲಜನಕದ ಮುಖವಾಡದ ಹಿಂದಿನಿಂದ ನೋಡಿಬಿಟ್ಟ.
"ಕಾಣದ ತೂಕ ಬರೆಯಬೇಡ."
ಆಮೇಲೆ, ಬಹಳ ಹೊತ್ತಿನ ಮೇಲೆ,
"ಭಾನುವಾರ ನಮ್ಮ ಕಟ್ಟೆಗೂ ರಜೆ ಇತ್ತು.
ಸಮುದ್ರಕ್ಕೆ ಇರಲಿಲ್ಲ, ಅಷ್ಟೆ."

ಉಚ್ಚೆಯ ಚೀಲ ಅಳೆದೆವು, ಲೋಟದ ನೀರೂ ಅಳೆದೇ ಕೊಟ್ಟೆವು.
ಎಪ್ಪತ್ತೆರಡು. ಎಪ್ಪತ್ತು. ನರ್ಸುಗಳು ನಕ್ಕರು.
ಅರವತ್ತೇಳು ಮುನ್ನೂರಕ್ಕೆ ಬಂದ ದಿನ ಅವನು ನಗಲಿಲ್ಲ:
"ನೀರಿನ ಜೊತೆ ಮೀನೂ ಹೋಗುತ್ತಿದೆ."
ಆ ರಾತ್ರಿ ಎಡಗಡೆಯೂ ಬೆಳ್ಳಗಾಯಿತು.

ಮರಣಪತ್ರದ ಮೊದಲ ಸಾಲು ಶ್ವಾಸಕೋಶ, ಎರಡನೆಯದು ಹೃದಯ,
ಕೆಳಗೆ ಸಣ್ಣಗೆ ಸೊಂಟದ ಮೂಳೆ.
ಮೆಟ್ಟಿಲು ಎಲ್ಲೂ ಇಲ್ಲ.
ಭಾನುವಾರವೂ ಇಲ್ಲ.

ಹದಿನೇಳರಲ್ಲಿ ಈಗ ಎರ್ಮಿತಾಸ್ ಎಂಬ ಹೆಂಗಸು;
ಮಂಡಿ ಬದಲಿಸಿಕೊಳ್ಳಲು ಬಂದವಳು, ಬಾಯಿ ಜೋರು.
"ಕೆಟ್ಟಿರುವುದು ಮಂಡಿ. ನನ್ನ ತೂಕ ಕಟ್ಟಿಕೊಂಡು ನಿಮಗೇನು?
ಅದೂ ರಜೆಯ ದಿನ?"
ಎದ್ದು ಕೂರಲು ಹೊರಟವಳಿಗೆ ಕೈ ಅಡ್ಡ ಹಿಡಿದೆ.
ತಾಳಿ. ಮೊದಲು ಖಾಲಿ ಕುರ್ಚಿ ನೋಡಿ.

ಕೆಂಪು ಅಂಕಿಗಳು ಒಂದಿಷ್ಟು ಅಲುಗಾಡುತ್ತವೆ.
ಸೊನ್ನೆಗೆ ಬರಲು ಅದಕ್ಕೂ
ಸ್ವಲ್ಪ ಹೊತ್ತು ಬೇಕು.